ಮಾತಿಲ್ಲದವನ ನಗೆ



ನಗೆಯೆಂದರೆ ಹಗುರವಾದುದೆಂದೂ, ನಗೆಚಿತ್ರವೆಂದರೆ ಹೊತ್ತುಕಳೆಯುವ ಗೀಚಾಟವೆಂದೂ ಭಾವಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಗೀಚಾಟದಿಂದಲೇ ಅರ್ಧ ಶತಮಾನಕ್ಕೂ ಮಿಕ್ಕಿ ದೇಶವನ್ನು ನಗಿಸಿ ಎಚ್ಚರಿಸಿದ ಆರ್. ಕೆ. ಲಕ್ಷ್ಮಣರನ್ನು ಈ ಶುಭಸಂದರ್ಭದಲ್ಲಿ ನೆನೆಯೋಣ.

ಅವರು ಹುಟ್ಟಿದ್ದು 1921ರ ಅಕ್ಟೋಬರ 24ರಂದು, ಮೈಸೂರಿನಲ್ಲಿ. ಮನೆಮಾತು ತಮಿಳು, ಊರ ಮಾತು ಕನ್ನಡ. ಬಾಲ್ಯದಲ್ಲಿ ಬರೆದ ಅರಳಿ ಎಲೆಯೊಂದನ್ನು ಶಾಲೆಯ ಗುರುಗಳು ಮೆಚ್ಚಿದರು. ತಾನು ಚಿತ್ರಕಾರನಾಗಬಲ್ಲೆನೆಂಬ ಭರವಸೆ ಬಾಲಕನಿಗೆ ಅಂದೇ ಮೂಡಿತು. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಎದೆಗುಂದದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದು ಮುಂದುವರಿಸಿ, ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು.

1942ರಲ್ಲಿ ಬೆಂಗಳೂರಿನ ವೈದ್ಯರಾದ ಡಾ. ಎಂ. ಶಿವರಾಂ ಅವರು, ನಮ್ಮೆಲ್ಲರ 'ರಾಶಿ'ಯವರು, 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಕಲಾಶಾಲೆಗೆ ಬೇಡವಾದ ಕೈಗೆ ಕನ್ನಡದ ಈ ಪತ್ರಿಕೆಯು ಪುಟಗಳನ್ನು ಕೊಟ್ಟಿತು. ಹಾಸ್ಯಪತ್ರಿಕೆಯ ಚಿತ್ರಕಾರನ ಕೆಲಸ ಸುಲಭವಲ್ಲ. ಲೇಖನವನ್ನು ಮೊದಲು ತಾನು ಓದಿ ನಗಬೇಕು. ಬಳಿಕ ಅದರ ಗುಟ್ಟು ಬಿಟ್ಟುಕೊಡದೆ, ನಾಲ್ಕೇ ಗೆರೆಗಳಲ್ಲಿ ಓದುಗನನ್ನು ಒಳಕ್ಕೆ ಕರೆಯಬೇಕು.

ಅನಂತರ ಲಕ್ಷ್ಮಣರು ಮುಂಬಯಿಗೆ ಹೋದರು. 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ಕೆಲಕಾಲ ದುಡಿದು 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ಧೋತರ, ಚೌಕಳಿ ಕೋಟು, ಕನ್ನಡಕಗಳ ಅವರ 'ಶ್ರೀಸಾಮಾನ್ಯ'ನು 1951ರಿಂದ ದಿನದಿನವೂ ಓದುಗರ ಮುಂದೆ ನಿಂತನು. ಮಂತ್ರಿಗಳ ಭಾಷಣವನ್ನೂ ಅಧಿಕಾರಿಗಳ ಆಡಂಬರವನ್ನೂ ಅವನು ನೋಡುವನು. ಒಂದು ಮಾತನ್ನೂ ಆಡನು. ಮಾತಿಲ್ಲದ್ದರಿಂದಲೇ ಅವನು ಎಲ್ಲ ಭಾಷೆಯವರಿಗೂ ತಮ್ಮವನಾದನು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಲಕ್ಷ್ಮಣರಿಗೆ ಸಂದವು. 2015ರ ಜನೇವರಿ 26ರಂದು ಪುಣೆಯಲ್ಲಿ ಅವರು ಕಾಲವಾದರು. ಶ್ರೀಸಾಮಾನ್ಯನ ಪ್ರತಿಮೆ ಆ ಊರಿನಲ್ಲಿಯೇ ಇದೆ.

ಎರಡು ನುಡಿಗಳ ನಡುವೆ ಬಾಳುವ ನಮಗೆ ಈ ಜೀವನದಲ್ಲಿ ಒಂದು ಪಾಠವುಂಟು. ಮೈಸೂರಿನಲ್ಲಿ ಬೆಳೆದವರನ್ನು ಮಹಾರಾಷ್ಟ್ರವು ತನ್ನವರೆಂದು ಅಪ್ಪಿಕೊಂಡಿತು. ಮರಾಠಿಯೊಡನೆ ನಮಗೂ ಮುನಿಸಿಲ್ಲ; ಅದು ನಮ್ಮ ಸಂತೆಯ ನುಡಿ, ನೆರೆಮನೆಯ ನುಡಿ. ಆದರೆ ಮಗುವು ಮನೆಯ ನುಡಿಯಲ್ಲಿ ನಗುವುದನ್ನು ಮರೆತರೆ, ಆ ನುಡಿ ಕೇವಲ ಪರೀಕ್ಷೆಯ ವಿಷಯವಾಗಿ ಉಳಿದೀತು. ಹಾಗಾಗಗೊಡಬಾರದು.

'ಕೊರವಂಜಿ' 1967ರಲ್ಲಿ ನಿಂತಿತು. ಆದರೆ ಅದು ಮಾಡಿದ ಕೆಲಸ ನಿಲ್ಲಬೇಕಾಗಿಲ್ಲ. ನಮ್ಮ ಒಂದೊಂದು ಕನ್ನಡ ಶಾಲೆಯಲ್ಲಿಯೂ ಕೈಬರಹದ ಪತ್ರಿಕೆಯೊಂದು ಹೊರಡಲಿ. ಅದರಲ್ಲಿ ನಗೆಚಿತ್ರಕ್ಕೆಂದು ಒಂದು ಪುಟ ಮೀಸಲಿರಲಿ. ಮಕ್ಕಳ ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಮೆಚ್ಚುವ ಗುರುವೊಬ್ಬರು, ಅಚ್ಚು ಹಾಕುವ ಸಂಘವೊಂದು ದೊರೆತರೆ ಅದು ತಾನೇ ತಿದ್ದಿಕೊಂಡೀತು. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಒಂದು ಪುಟವನ್ನು ಕಾಣುವ ಭಾಗ್ಯ ನಮ್ಮೆಲ್ಲರದಾಗಲಿ.