ಕಲ್ಲಿನ ವಯಸ್ಸು ಕೇಳಿದ ಹುಡುಗ

(ನಮ್ಮ ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕಲ್ಲು ಮಣ್ಣಿನ ಬಗ್ಗೆ ಮಾತಾಡಲು ನಿಂತಿದ್ದಾನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಭೂವಿಜ್ಞಾನಿಯಲ್ಲ. ಆದರೆ ಒಬ್ಬ ಹುಡುಗನಿಗೆ ನಾನೊಂದು ಉತ್ತರ ಬಾಕಿ ಉಳಿಸಿಕೊಂಡಿದ್ದೆ. ಆ ಸಾಲ ತೀರಿಸಲು ಹೋಗಿ ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದ ದಿನ ಅವರ ಪೀರಿಯಡ್ ನನ್ನ ಪಾಲಿಗೆ ಬಂತು. ಶಿಲೆಗಳ ಪಾಠ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಪುಸ್ತಕ ನೋಡಿ ಓದಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾ, ನಮ್ಮ ಅಬ್ಬಾ ಒಡೆಯೋ ಕರಿಕಲ್ಲಿಗೆ ಎಷ್ಟು ವಯಸ್ಸು ಸಾ?" ಎಂದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. "ಕಲ್ಲಿಗೇನು ಹುಟ್ಟಿದ ಹಬ್ಬ ಮಾಡ್ತಾರಾ? ಕೂತ್ಕೋ" ಎಂದೆ. ತರಗತಿ ನಕ್ಕಿತು. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಎಸ್‌.ಎಸ್‌.ಎಲ್‌.ಸಿ. ಪಾಸು ಮಾಡಿ, ತಂದೆಯ ಜೊತೆ ಕ್ವಾರಿ ಕೆಲಸಕ್ಕೆ ಹೋದ. ಮನೆಯ ಕಷ್ಟ ಅದಕ್ಕೆ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಕಳೆದ ಈದ್‌ನ ದಿನ ನಮಾಜ್ ಮುಗಿದ ಮೇಲೆ ಈದ್ಗಾದಲ್ಲಿ ಸಿಕ್ಕ. ಆಲಿಂಗನ ಮಾಡಿ, ನಗುತ್ತಲೇ ಕೇಳಿದ: "ಉತ್ತರ ಸಿಕ್ತಾ ಸಾ?"

ಸಭಿಕರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಪ್ರಶ್ನೆ ಹೊಸದೇನಲ್ಲ. ಖ್ವಾರಿಜ್ಮ್‌ನಲ್ಲಿ 973ರಲ್ಲಿ ಹುಟ್ಟಿದ ಅಲ್‌ ಬೀರೂನಿ ನಮ್ಮ ದೇಶಕ್ಕೆ ಬಂದು, ಸಂಸ್ಕೃತ ಕಲಿತು, ಸುಮಾರು 1030ರಲ್ಲಿ 'ಕಿತಾಬುಲ್ ಹಿಂದ್' ಬರೆದ. ಅದರಲ್ಲಿ ಅವನು ಉತ್ತರ ಭಾರತದ ಬಯಲಿನ ಮಣ್ಣನ್ನೂ ಗಮನಿಸಿದ್ದಾನೆ. ಬೆಟ್ಟದ ಹತ್ತಿರ, ಹೊಳೆ ರಭಸವಾಗಿ ಹರಿಯುವಲ್ಲಿ ಕಲ್ಲುಗಳು ದೊಡ್ಡವು. ದೂರ ಹೋದಂತೆ ಚಿಕ್ಕವು. ಸಮುದ್ರದ ಬಳಿ ಬರೀ ಮರಳು. ಹಾಗಾದರೆ ಈ ಬಯಲು ಒಮ್ಮೆ ಸಮುದ್ರವಾಗಿದ್ದು, ನದಿಗಳು ತಂದ ಹೂಳಿನಿಂದ ತುಂಬಿರಬೇಕು ಎಂದು ಅವನು ತರ್ಕಿಸಿದ. ಕಲ್ಲಿನ ಗಾತ್ರ ನೋಡಿ ನೀರಿನ ಕಥೆ ಹೇಳುವುದು! ಇಂದಿನ ಭೂವಿಜ್ಞಾನಿಗಳು ಮಾಡುವುದೂ ಇದನ್ನೇ.

ನಮ್ಮ ಕೆರೆಯ ಉದಾಹರಣೆ ತೆಗೆದುಕೊಳ್ಳೋಣ. ನೀರು ಒಳಬರುವ ಅಂಚಿನಲ್ಲಿ ಮರಳು ನಿಲ್ಲುತ್ತದೆ, ನಡುವೆ ನುಣ್ಣನೆಯ ಜೇಡಿ ಕೂರುತ್ತದೆ. ಮಳೆ ಹೆಚ್ಚಾಗಿ ನೀರು ಏರಿದರೆ ಅಂಚು ದೂರ ಸರಿಯುತ್ತದೆ. ನಿನ್ನೆ ಮರಳಿದ್ದ ಜಾಗದ ಮೇಲೆ ಇಂದು ಜೇಡಿ ಕೂರುತ್ತದೆ. ಬರಗಾಲದಲ್ಲಿ ಕೆರೆ ಒಣಗಿದಾಗ ತಳ ಬಿರಿಯುತ್ತದೆ, ದನ ಓಡಾಡುತ್ತವೆ, ಗಾಳಿ ಮಳೆ ಮೇಲಿನ ಪದರವನ್ನು ಕೊರೆದು ಒಯ್ಯುತ್ತವೆ. ಮತ್ತೆ ನೀರು ಬಂದಾಗ ಆ ಕೊರೆದ ಮೈಯ ಮೇಲೆ ಹೊಸ ಮರಳು ಬೀಳುತ್ತದೆ. ಜೆ.ಸಿ.ಬಿ. ತಂದು ಹೂಳು ಎತ್ತುವಾಗ ಗುಂಡಿಯ ಗೋಡೆ ನೋಡಿ. ಮರಳು, ಅದರ ಮೇಲೆ ಜೇಡಿ, ಆಮೇಲೆ ಒಂದು ಕೊರೆದ ಗೆರೆ, ಮತ್ತೆ ಮರಳು. ಗೆರೆಯಿಂದ ಗೆರೆಗೆ ಒಂದು ಅಧ್ಯಾಯ. ಆ ಗೆರೆಯೇ ಹರಿದುಹೋದ ಪುಟಗಳ ಗುರುತು.

ಕೆರೆಯ ಬದಲು ಸಮುದ್ರ, ಹತ್ತು ವರ್ಷದ ಬದಲು ಕೋಟಿ ವರ್ಷ ಎಂದುಕೊಳ್ಳಿ. ಇದೇ ಸೀಕ್ವೆನ್ಸ್ ಸ್ಟ್ರಾಟಿಗ್ರಫಿ, ಅಂದರೆ ಸರಣಿ ಸ್ತರವಿಜ್ಞಾನ. ಅಮೆರಿಕದ ಸ್ಲಾಸ್ ಎಂಬವರು 1963ರಲ್ಲಿ ಆ ಖಂಡದ ಪದರಗಳನ್ನು ಹೀಗೆ ಗೆರೆಯಿಂದ ಗೆರೆಗೆ ಸರಣಿಗಳಾಗಿ ವಿಂಗಡಿಸಿದರು. ತೈಲ ಹುಡುಕುವ ಎಕ್ಸಾನ್ ಕಂಪನಿಯ ಪೀಟರ್ ವೇಲ್ ಮತ್ತು ಸಂಗಡಿಗರು 1977ರಲ್ಲಿ ಈ ವಿಧಾನವನ್ನು ಬೆಳೆಸಿದರು. ನಮ್ಮ ಹೊನ್ನುಹೊಳೆ ಸುವರ್ಣಾವತಿಯ ಮರಳು ಕಾವೇರಿ ಸೇರಿ, ತಮಿಳುನಾಡಿನ ಮುಖಜ ಭೂಮಿಯತ್ತ ಸಾಗುತ್ತದೆ. ಆ ಕಾವೇರಿ ಜಲಾನಯನದ ಹಳೆಯ ಪದರಗಳಲ್ಲಿ ನರಿಮಣಂ ಬಳಿ ತೈಲ ಸಿಕ್ಕಿದೆ. ಆದ್ದರಿಂದ ಇದು ಬರೀ ಪುಸ್ತಕದ ವಿದ್ಯೆಯಲ್ಲ.

ನಮ್ಮ ರಾಜ್ಯದಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ ಬಾಗಲಕೋಟೆ ಜಿಲ್ಲೆಗೆ ಹೋಗಬೇಕು. ಶಾಲಾ ಪ್ರವಾಸದಲ್ಲಿ ಬಾದಾಮಿ ನೋಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ ಎಂದು ಬರೆದುಕೊಂಡೆವು. ಆದರೆ ಆ ಗುಹೆ ಕೊರೆದ ಕೆಂಪು ಬಂಡೆಯನ್ನು ನಮ್ಮಲ್ಲಿ ಯಾರು ನೋಡಿದರು? ಅದು ಮರಳುಗಲ್ಲು. ಭೂವಿಜ್ಞಾನಿಗಳು ಅದಕ್ಕೆ 'ಕೇವ್ ಟೆಂಪಲ್ ಅರೆನೈಟ್', ಅಂದರೆ ಗುಹಾಲಯದ ಮರಳುಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಸುತ್ತಲಿನ ಈ ಪ್ರಾಚೀನ ಜಲಾನಯನಕ್ಕೆ ಕಲಾದಗಿ ಎಂಬ ಊರಿನ ಹೆಸರು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಇದರ ಬಗ್ಗೆ ಗ್ರಂಥ ಬರೆದಿದ್ದರು.

ಅಲ್ಲಿ ತಳದಲ್ಲಿ ಹಳೆಯ ಗ್ರಾನೈಟ್, ನೈಸ್ ಬಂಡೆ. ಅದರ ಮೇಲೆ ಉರುಟುಕಲ್ಲುಗಳು ಬೆಸೆದ ಬಂಡೆ, ನಂತರ ಮರಳು ಗಟ್ಟಿಯಾದ ಕಲ್ಲು, ನಂತರ ಜೇಡಿಕಲ್ಲು, ನಂತರ ಸುಣ್ಣಕಲ್ಲು. ಕೆರೆಯ ಗೋಡೆ ನೆನಪಿಸಿಕೊಳ್ಳಿ: ದಪ್ಪದಿಂದ ನುಣುಪಿಗೆ ಬಂದಿದೆ ಎಂದರೆ ನೀರು ಏರುತ್ತಾ ದಡ ದೂರ ಸರಿದಿದೆ. ಆಮೇಲೆ ಒಂದು ಕೊರೆದ ಗೆರೆ. ಮತ್ತೆ ಉರುಟುಕಲ್ಲು, ಮರಳು, ಜೇಡಿ, ಸುಣ್ಣ. ಇದು ಎರಡನೆಯ ಅಧ್ಯಾಯ. ಇವೆರಡೂ ಸೇರಿ ಬಾಗಲಕೋಟೆ ಗುಂಪು. ಆಮೇಲೆ ಭೂಮಿ ಅದುಮಿ ಆ ಪದರಗಳು ಮಡಿಚಿ ಓರೆಯಾದವು, ಸವೆದವು. ಓರೆಯಾಗಿ ಸವೆದ ಆ ಮೈಯ ಮೇಲೆ ಬಾದಾಮಿ ಗುಂಪಿನ ಮರಳುಗಲ್ಲು ಚಾಪೆ ಹಾಸಿದಂತೆ ಮಟ್ಟಸವಾಗಿ ಕೂತಿದೆ. ಕೆಳಗಿನದು ಓರೆ, ಮೇಲಿನದು ಮಟ್ಟ. ನಡುವಿನ ಆ ಒಂದು ಗೆರೆಯಲ್ಲಿ ಕೋಟ್ಯಂತರ ವರ್ಷ ಅಡಗಿವೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಪದರ ಹೇಳಿತು. ಎಷ್ಟು ವರ್ಷ ಎಂದು ಹೇಳುವವರು ಯಾರು?

ಅದಕ್ಕೆ ಸಾಕ್ಷಿ ಜಿರ್ಕಾನ್ ಎಂಬ ಪುಟ್ಟ ಹರಳು, ಮರಳಿನ ಕಣದಷ್ಟು. ನನ್ನಂಥ ಉರ್ದು ಮೇಷ್ಟ್ರಿಗೆ ಈ ಹೆಸರೇ ಒಂದು ಸಂತೋಷ. ಫಾರ್ಸಿಯ 'ಜರ್‌ಗೂನ್' ಎಂಬ ಪದ ಅರಬಿಯ ಮೂಲಕ ಯೂರೋಪಿಗೆ ಹೋಗಿ ಜಿರ್ಕಾನ್ ಆಯಿತು. 'ಜರ್' ಎಂದರೆ ಚಿನ್ನ, 'ಗೂನ್' ಎಂದರೆ ಬಣ್ಣ. ನಮ್ಮ ಹೆಣ್ಣುಮಕ್ಕಳು ಉಡುವ ಸೀರೆಯ 'ಜರಿ'ಯಲ್ಲಿರುವುದೂ ಅದೇ 'ಜರ್'.

ಕರಗಿದ ಶಿಲಾರಸದಲ್ಲಿ ಈ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸೀಸಕ್ಕೆ ಮಾತ್ರ ಬಾಗಿಲು ಮುಚ್ಚುತ್ತದೆ. ಒಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235 ಅರ್ಧಕ್ಕೆ ಇಳಿಯಲು ಸುಮಾರು 70 ಕೋಟಿ ವರ್ಷ. ಇಂದು ಹರಳಿನೊಳಗೆ ಸೀಸ ಕಂಡರೆ ಅದು ಹೊರಗಿನ ನೆಂಟನಲ್ಲ, ಮನೆಯಲ್ಲೇ ಹುಟ್ಟಿದ ಮಗು. ಅದನ್ನು ಅಳೆದರೆ ವಯಸ್ಸು ತಿಳಿಯಿತು. ಒಂದೇ ಮನೆಯಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು, ಬೇರೆ ಬೇರೆ ತೋರಿಸಿದರೆ ಏನೋ ಕೆಟ್ಟಿದೆ ಎಂದು ತಿಳಿಯಬಹುದು. ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನ ಇಂಥ ಒಂದು ಕಣಕ್ಕೆ 440 ಕೋಟಿ ವರ್ಷ.

ಮರಳುಗಲ್ಲಿನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿನ ಜಿರ್ಕಾನ್ ಬೇರೆಲ್ಲೋ ಹುಟ್ಟಿ, ಹೊಳೆಯಲ್ಲಿ ಬಂದು ಸೇರಿದ್ದು. ಚಂದಾ ಡಬ್ಬಿ ತೆರೆದಂತೆ ಎಂದುಕೊಳ್ಳಿ. ಅದರಲ್ಲಿ 1965ರ ನಾಣ್ಯ, 1988ರದು, 2004ರದು ಇವೆ. 1965ರ ನಾಣ್ಯ ಇದೆಯೆಂದು ಡಬ್ಬಿಗೆ 1965ರಲ್ಲೇ ಬೀಗ ಹಾಕಿದರು ಎನ್ನಲಾದೀತೇ? ತೀರಾ ಹೊಸ ನಾಣ್ಯ 2004ರದಾದರೆ, ಬೀಗ ಬಿದ್ದದ್ದು ಅದಕ್ಕಿಂತ ಮೊದಲಲ್ಲ ಎಂದಷ್ಟೇ ಹೇಳಬಹುದು. ಎಷ್ಟು ಕಾಲದ ಮೇಲೆ ಎಂದು ಹೇಳಲಾಗದು. ಹಾಗೆಯೇ ಮರಳುಗಲ್ಲಿನ ಅತಿ ಕಿರಿಯ ಜಿರ್ಕಾನ್ ಅದರ ಗರಿಷ್ಠ ವಯಸ್ಸನ್ನು ಮಾತ್ರ ಹೇಳುತ್ತದೆ. ಉಳಿದ ಕಣಗಳು ಯಾವ ಯಾವ ಬೆಟ್ಟದಿಂದ ಮಣ್ಣು ಬಂತು ಎಂದು ಹೇಳುತ್ತವೆ. ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಸಿಕ್ಕರೆ ಮಾತ್ರ ಅದೃಷ್ಟ. ಅದರ ಹೊಸ ಹರಳುಗಳು ಬೂದಿ ಬಿದ್ದ ಕಾಲವನ್ನೇ ಹೇಳುತ್ತವೆ.

ಇದರ ಬೆಲೆ ಎಷ್ಟೆಂದು ಒಂದು ಘಟನೆ ಹೇಳುತ್ತದೆ. 1998ರಲ್ಲಿ ಡೆಹ್ರಾಡೂನಿನ ವಿಜ್ಞಾನಿ ಆರ್‌.ಜೆ. ಆಜ್ಮಿ ಅವರು ಮಧ್ಯ ಭಾರತದ ವಿಂಧ್ಯ ಶಿಲೆಗಳಲ್ಲಿ ಪುಟ್ಟ ಪಳೆಯುಳಿಕೆಗಳು ಸಿಕ್ಕಿವೆ, ಆದ್ದರಿಂದ ಆ ಪದರಗಳು ಸುಮಾರು 54 ಕೋಟಿ ವರ್ಷದವು ಎಂದರು. ದೊಡ್ಡ ವಿವಾದವಾಯಿತು. ಅವರ ಪಳೆಯುಳಿಕೆಗಳನ್ನೇ ಕೆಲವರು ಅನುಮಾನಿಸಿದರು. 2002ರಲ್ಲಿ ಕೆಳಗಿನ ವಿಂಧ್ಯ ಪದರಗಳ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಅಳೆದಾಗ ಸುಮಾರು 163 ಕೋಟಿ ವರ್ಷ ಬಂತು. ನೂರು ಕೋಟಿಗೂ ಮಿಕ್ಕಿದ ವ್ಯತ್ಯಾಸ! ಕೊನೆಗೆ 2009ರಲ್ಲಿ ಸ್ವೀಡನ್ನಿನ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಚಿತ್ರಕೂಟದ ಬಂಡೆಗಳನ್ನು ಮತ್ತೆ ಪರೀಕ್ಷಿಸಿ, ಪಳೆಯುಳಿಕೆಗಳು ನಿಜವಾಗಿಯೂ ಇವೆ, ಆದರೆ ಬಂಡೆ ಮಾತ್ರ ಅಷ್ಟು ಹಳೆಯದೇ ಎಂದು ತೋರಿಸಿದರು. ಆಜ್ಮಿ ಕಂಡದ್ದು ಸತ್ಯವಾಗಿತ್ತು, ಲೆಕ್ಕ ಹಾಕಿದ ವಯಸ್ಸು ತಪ್ಪಾಗಿತ್ತು. ತಪ್ಪು ಹೇಳಿದವನ ಎಲ್ಲವನ್ನೂ ಸುಳ್ಳು ಎನ್ನಬಾರದು. ನಿಜ ಕಂಡವನ ಎಲ್ಲವನ್ನೂ ಪರೀಕ್ಷಿಸದೆ ಒಪ್ಪಲೂಬಾರದು. ವಿದ್ಯಾರ್ಥಿಗಳೇ, ಇದು ಬರೀ ಕಲ್ಲಿಗೆ ಅನ್ವಯಿಸುವ ಮಾತಲ್ಲ.

ಈಗ ನಮ್ಮ ಕಡೆಗೆ ಬರೋಣ. ಗುಂಡ್ಲುಪೇಟೆಯ ಆಚೆ ಮೈಸೂರು ಜಿಲ್ಲೆಯ ಸರಗೂರು ಇದೆಯಲ್ಲ, ರಾಜ್ಯದ ಅತಿ ಹಳೆಯ ಶಿಲೆಗಳ ಒಂದು ಗುಂಪಿಗೆ ಅದರದೇ ಹೆಸರು: ಸರಗೂರು ಗುಂಪು. ಅದರಲ್ಲಿ ಒಮ್ಮೆ ಮರಳಾಗಿದ್ದ, ಜೇಡಿಯಾಗಿದ್ದ, ಸುಣ್ಣವಾಗಿದ್ದ ಬಂಡೆಗಳಿವೆ. ಕಾವಿನಲ್ಲಿ ಬೆಂದು ಅವುಗಳ ಪುಟಗಳು ಅಂಟಿಕೊಂಡಿವೆ, ಕಲಾದಗಿಯಷ್ಟು ಸುಲಭವಾಗಿ ಓದಲಾಗದು. ಆದರೂ ಜಿರ್ಕಾನ್ ಉಳಿದಿದೆ. 1992ರಲ್ಲಿ ನಟ್ಮನ್ ಮತ್ತು ಸಂಗಡಿಗರು ಈ ಗುಂಪಿನ ಶಿಲೆಗಳ ಕಣಗಳನ್ನು ಅಳೆದು ಪ್ರಕಟಿಸಿದರು: 313 ಕೋಟಿಯಿಂದ 358 ಕೋಟಿ ವರ್ಷ. ಅಂದರೆ 358 ಕೋಟಿ ವರ್ಷದ ಹಿಂದೆಯೇ ಈ ಸೀಮೆಯಲ್ಲಿ ಶಿಲೆ ಹುಟ್ಟಿತ್ತು. ಅದು ಸವೆದು ಮರಳಾಗಿ ಹರಿದು ಬಂದಿತ್ತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಚಾರ್ನಕೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದ ಕಾವಿಗೆ ಸಿಕ್ಕಿ ಇಂದಿನ ರೂಪ ಪಡೆದವು.

ಇಷ್ಟು ಓದಿಕೊಂಡು ನಾನು ಆ ಹುಡುಗನ ಮನೆಗೆ ಹೋದೆ. ಹೀಗೆಂದೆ: "ನಿಮ್ಮ ಕರಿಕಲ್ಲನ್ನು ಅಂಗಡಿಯವರು ಗ್ರಾನೈಟ್ ಎನ್ನುತ್ತಾರೆ, ನಿಜವಾಗಿ ಅದು ಡೋಲೆರೈಟ್. ಹಳೆಯ ಬಂಡೆ ಬಿರಿದ ಜಾಗಕ್ಕೆ ಕೆಳಗಿನಿಂದ ಶಿಲಾರಸ ನುಗ್ಗಿ ಗಟ್ಟಿಯಾದದ್ದು. ಗೋಡೆ ಇಲ್ಲದೆ ಬಿರುಕು ಇರುವುದಿಲ್ಲ. ಆದ್ದರಿಂದ ಸುತ್ತಲಿನ ಬಂಡೆ ಹಿರಿಯದು, ಕರಿಕಲ್ಲು ಕಿರಿಯದು. ಆ ಹಿರಿಯ ಬಂಡೆಯ ಲೆಕ್ಕ 250 ಕೋಟಿ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಅಂದು ನಾನು ನಿನ್ನನ್ನು ಕೂರಿಸಿದ್ದು ತಪ್ಪು."

ಅವನ ತಂದೆ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು ಕೇಳುತ್ತಿದ್ದರು. ಮೂವತ್ತು ವರ್ಷ ಆ ಕಲ್ಲಿನ ಜೊತೆ ಬದುಕಿದ ಮನುಷ್ಯ. ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಷ್ಟು ಸಣ್ಣ ಹರಳು ಹುಡುಕೋ ಕೆಲಸಕ್ಕೆ ಏನು ಓದ್ಬೇಕು ಸಾ?"

ಈ ಸಲ ನಾನು ಕೂತ್ಕೋ ಎನ್ನಲಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ, ಆಮೇಲೆ ಭೂವಿಜ್ಞಾನ ಇರುವ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಭೂವಿಜ್ಞಾನ ವಿಭಾಗವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಯು.ಪಿ.ಎಸ್‌.ಸಿ. ಪರೀಕ್ಷೆ ಬರೆದು ಸೇರಬಹುದು. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ನಮ್ಮ ಮಕ್ಕಳಿಗೆ ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ದಾರಿಯೇ ಗೊತ್ತಿಲ್ಲದಂತೆ ನಾವು ಬೆಳೆಸಿದ್ದೇವೆ. ಕಲ್ಲು ಒಡೆಯುವ ಮನೆಯ ಮಗುವಿಗೆ ಕಲ್ಲನ್ನು ಓದುವ ವಿದ್ಯೆಯೂ ಉಂಟೆಂದು ಹೇಳುವವರಿಲ್ಲ.

ಸಂಘದ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಕೆಲಸಕ್ಕೆ ಹೋದ ಮಕ್ಕಳಲ್ಲಿ ಮತ್ತೆ ಓದುವ ಆಸೆ ಇರುವವರ ಬಸ್ ಪಾಸು, ಫೀಸು, ಪುಸ್ತಕದ ಹೊಣೆಯನ್ನು ನಮ್ಮ ಸಂಘ ಹೊರಲಿ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೊರಲಿ. ಮೊದಲ ವರ್ಷಕ್ಕೆ ನನ್ನ ಒಂದು ತಿಂಗಳ ಸಂಬಳವನ್ನು ಇಲ್ಲೇ ಬರೆಸುತ್ತೇನೆ.

ನನ್ನ ಸಹೋದ್ಯೋಗಿ ಶಿಕ್ಷಕ ಬಂಧುಗಳಿಗೂ ಒಂದು ಮಾತು. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ನಾಳೆ ಹುಡುಕಿ ತಂದು ಹೇಳಿ. ಒಂದು ನಗುವಿನಲ್ಲಿ ನಾನು ಮುಚ್ಚಿದ ಬಾಗಿಲನ್ನು ತೆರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.