ನೊರೆ ಹೊದ್ದ ಮಾಡು: ಮನೆ ಕೊಳ್ಳುವ ಮುನ್ನ ಅಟ್ಟ ಹತ್ತಬೇಕು

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಮುಂಗಾರಿಗೆ ಮುನ್ನ ನಾವು ಮಾಡಿಗೆ ಏಣಿ ಹಾಕುತ್ತೇವೆ. ಹೆಂಚು ಕೈಯಾಡಿಸುತ್ತೇವೆ. ರೀಪು ಕುಂಬಾಗಿದೆಯೇ, ಪಕಾಸಿಗೆ ಗೆದ್ದಲು ಹತ್ತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತೇವೆ. ಈ ಕೆಲಸ ನಮಗೆ ಎಷ್ಟು ಸಹಜವೆಂದರೆ, ಮಾಡಿನ ಮರವನ್ನು ಕಣ್ಣಾರೆ ಕಾಣುವುದೂ ಒಂದು ಅನುಕೂಲವೆಂದು ನಮಗೆ ಎಂದೂ ಅನ್ನಿಸಿಲ್ಲ. ನನಗೆ ಅದರ ಬೆಲೆ ತಿಳಿದದ್ದು ದೂರದ ಇಂಗ್ಲೆಂಡಿನಲ್ಲಿ.

ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ಅಲ್ಲಿನ ಲೀಡ್ಸ್ ನಗರದಲ್ಲಿದ್ದಾರೆ. 2023ರಲ್ಲಿ ನಾನು ಅವರಲ್ಲಿಗೆ ಹೋಗಿದ್ದಾಗ ಅವರು ಮನೆ ಹುಡುಕುತ್ತಿದ್ದರು. ಒಂದು ಮನೆ ಎಲ್ಲರಿಗೂ ಹಿಡಿಸಿತು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ. ಇಟ್ಟಿಗೆಯ ಗೋಡೆ, ಸ್ಲೇಟ್ ಕಲ್ಲು ಹೊದಿಸಿದ ಮಾಡು. ಮಾರುತ್ತಿದ್ದವರು ಎಂಬತ್ತು ದಾಟಿದ, ಒಂಟಿಯಾಗಿದ್ದ ಒಬ್ಬ ಅಜ್ಜಿ. ಈ ಮನೆ ಮಾರಿ, ಮಗನ ಊರಿನಲ್ಲಿ ಚಿಕ್ಕ ಮನೆಯೊಂದನ್ನು ಕೊಳ್ಳುವುದು ಅವರ ಆಸೆಯಾಗಿತ್ತು.

“ಮಾವ, ನೀವು ಅಟ್ಟ ನೋಡದೆ ಬಿಡುವವರಲ್ಲ” ಎಂದು ಹುಡುಗಿ ನಕ್ಕಳು. ಹತ್ತಿ ನೋಡಿದರೆ ಮರವೇ ಕಾಣಲಿಲ್ಲ. ಪಕಾಸುಗಳ ನಡುವೆ, ಸ್ಲೇಟಿನ ಕೆಳಮೈಗೆ ಅಂಟಿಕೊಂಡು, ಕೊಳೆತ ದಿಮ್ಮಿಯ ಮೇಲೆ ಅಣಬೆ ಉಬ್ಬಿದಂತೆ ಹಳದಿ ನೊರೆಯೊಂದು ಗಟ್ಟಿಯಾಗಿ ನಿಂತಿತ್ತು. ಅಜ್ಜಿ ಹೆಮ್ಮೆಯಿಂದಲೇ ಹೇಳಿದರು: ಎರಡು ವರ್ಷದ ಹಿಂದೆ ಮಾಡಿಸಿದ್ದು, ಮನೆ ಬೆಚ್ಚಗಿರುತ್ತದೆ, ಪರಿಸರಕ್ಕೂ ಒಳ್ಳೆಯದಂತೆ.

ಕೆಲವು ವಾರಗಳ ನಂತರ ಬ್ಯಾಂಕಿನ ಪರೀಕ್ಷಕರು ಬಂದು ನೋಡಿಹೋದರು. ಮಾಡಿನ ಮರ ಕಾಣುತ್ತಿಲ್ಲವೆಂದು ಅವರು ಬರೆದರು. ಬ್ಯಾಂಕು ಸಾಲ ಕೊಡಲಿಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ಕರಾರು ಪತ್ರಗಳ ವಿನಿಮಯವಾಗುವವರೆಗೆ ಕೊಳ್ಳುವವರಾಗಲಿ ಮಾರುವವರಾಗಲಿ ಬದ್ಧರಲ್ಲ. ನಮ್ಮವರು ಪರೀಕ್ಷೆಯ ಶುಲ್ಕವನ್ನಷ್ಟೇ ಕಳೆದುಕೊಂಡು ಹಿಂದೆ ಸರಿದರು. ಅಜ್ಜಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ.

ಈ ನೊರೆ ಏನೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಇದರ ಹೆಸರು ಸ್ಪ್ರೇ ಫೋಮ್, ವಸ್ತು ಪಾಲಿಯುರೆಥೇನ್. ಐಸೋಸೈನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳು ಕೊಳವೆಯ ತುದಿಯಲ್ಲಿ ಬೆರೆತು, ಸಿಂಪಡಿಸಿದೊಡನೆ ಹಲವು ಪಟ್ಟು ಉಬ್ಬಿ ಗಟ್ಟಿಯಾಗುತ್ತವೆ. ಐಸೋಸೈನೇಟ್ ಉಸಿರಿನೊಳಗೆ ಸೇರಿದರೆ ಆಸ್ತಮಾ ಬರಬಹುದು. ಆದ್ದರಿಂದ ಸಿಂಪಡಿಸುವವರಿಗೆ ಮುಖಕವಚ ಬೇಕು, ಮನೆಯವರು ಹೊರಗಿರಬೇಕು. ನೊರೆಯಲ್ಲಿ ಎರಡು ಬಗೆ. ತೆರೆದ ಕೋಶದ ಮೆದು ನೊರೆ ನೀರಾವಿಯನ್ನು ಸ್ವಲ್ಪಮಟ್ಟಿಗೆ ಹಾಯಗೊಡುತ್ತದೆ. ಮುಚ್ಚಿದ ಕೋಶದ ಗಟ್ಟಿ ನೊರೆ ಬಹುತೇಕ ತಡೆದುಬಿಡುತ್ತದೆ.

ಬ್ರಿಟನ್ನಿನ ಹಳೆಯ ಮಾಡು ಗಾಳಿಯನ್ನು ನಂಬಿ ಕಟ್ಟಿದ್ದು. ಅಡುಗೆ, ಸ್ನಾನ, ಉಸಿರು, ಒಳಗೆ ಒಣಹಾಕಿದ ಬಟ್ಟೆ ಇವುಗಳಿಂದ ಏಳುವ ನೀರಾವಿ ಅಟ್ಟಕ್ಕೇರುತ್ತದೆ. ಸೂರಿನ ಸಂದಿಗಳಿಂದ ಬರುವ ಗಾಳಿ ಅದನ್ನು ಹೊರಗೊಯ್ಯುತ್ತದೆ. ನೊರೆ ಆ ಸಂದಿಗಳನ್ನು ಮುಚ್ಚಿದರೆ ನೀರಾವಿ ತಣ್ಣನೆಯ ಮರದ ಮೇಲೆ ಹನಿಗಟ್ಟಬಹುದು. ಸ್ಲೇಟು ಸರಿದು ಮಳೆನೀರು ಇಳಿದರೂ ಅದು ಕೆಳಗೆ ತೊಟ್ಟಿಕ್ಕದೆ ನೊರೆಯ ಹಿಂದೆಯೇ ನಿಲ್ಲಬಹುದು. ಮರದ ತೇವಾಂಶ ಶೇಕಡ 20ನ್ನು ಮೀರಿ ಬಹುಕಾಲ ಉಳಿದರೆ ಕೊಳೆಯುವ ಅಪಾಯ ಹುಟ್ಟುತ್ತದೆ. ನಮ್ಮ ಮಾಡಿನಲ್ಲಿ ಸೋರಿಕೆ ತಾನಾಗಿಯೇ ಕೂಗಿ ಹೇಳುತ್ತದೆ. ನೊರೆಯ ಮಾಡು ಮರ ಮುರಿಯುವವರೆಗೂ ಮೌನವಾಗಿರಬಹುದು.

ಎಲ್ಲ ನೊರೆಯೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಾಳಿ ಮತ್ತು ನೀರಾವಿಯ ಲೆಕ್ಕ ಹಾಕಿಯೇ ವಿನ್ಯಾಸಗೊಳಿಸಿದ ಹೊಸ ಕಟ್ಟಡದಲ್ಲಿ ಅದು ಸರಿಯಾಗಿ ಕೆಲಸ ಮಾಡೀತು. ಬ್ರಿಟನ್ನಿಗೆ ಮನೆ ಬೆಚ್ಚಗಿಡುವ ಅಗತ್ಯವೂ ನಿಜವಾದದ್ದೇ. ಹೊದಿಕೆಯಿಲ್ಲದ ಮನೆಯ ಶಾಖದಲ್ಲಿ ಸುಮಾರು ಕಾಲು ಭಾಗ ಮಾಡಿನ ಮೂಲಕವೇ ಹೋಗುತ್ತದೆ. ಆದರೆ ಅದಕ್ಕೆ ಹಳೆಯ ಉಪಾಯವಿದೆ: ಅಟ್ಟದ ನೆಲದ ಮೇಲೆ 270 ಮಿಲಿಮೀಟರ್ ದಪ್ಪದ ಖನಿಜ ಉಣ್ಣೆಯನ್ನು ಹಾಸಿ, ಸೂರಿನ ಗಾಳಿಯನ್ನು ತೆರೆದಿಡುವುದು. ಬೇಡವಾದ ದಿನ ಅದನ್ನು ಸುತ್ತಿ ಎತ್ತಿಡಬಹುದು. ನೊರೆಯನ್ನು ಮಾತ್ರ ಕೈಯಿಂದ ಕೆರೆದೇ ತೆಗೆಯಬೇಕು. ಅದಕ್ಕೆ ಸಾವಿರಾರು ಪೌಂಡು ಖರ್ಚು. ಕೆರೆದ ಚೂರುಗಳು ಮಣ್ಣಿನಲ್ಲಿ ಕರಗುವುದೂ ಇಲ್ಲ.

ಹಾಗಾದರೆ ಇದು ಇಷ್ಟೊಂದು ಮನೆಗಳನ್ನು ಸೇರಿದ್ದು ಹೇಗೆ? ಮನೆಬಾಗಿಲಿಗೆ ಬಂದು, ದೂರವಾಣಿಯಲ್ಲಿ ಕರೆದು ವಯಸ್ಸಾದವರನ್ನು ಒಪ್ಪಿಸುವ ಮಾರಾಟಗಾರರು ಒಂದು ಕಾರಣ. ಸರ್ಕಾರದ ಆತುರ ಇನ್ನೊಂದು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಗ್ರೀನ್ ಹೋಮ್ಸ್ ಗ್ರ್ಯಾಂಟ್ ಎಂಬ ಸಹಾಯಧನ ಯೋಜನೆ ಆರಂಭವಾಯಿತು. ಖರ್ಚಿನ ಮೂರನೆಯ ಎರಡು ಭಾಗ, ಗರಿಷ್ಠ 5,000 ಪೌಂಡು. ಬಡ ಕುಟುಂಬಗಳಿಗೆ 10,000 ಪೌಂಡಿನವರೆಗೆ. ಆರು ಲಕ್ಷ ಮನೆಗಳ ಗುರಿ ಇಟ್ಟುಕೊಂಡಿದ್ದ ಯೋಜನೆ 2021ರ ಮಾರ್ಚ್ ಕೊನೆಗೇ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ಆ ಹಣದಲ್ಲಿ ಕೆಲವು ಮಾಡುಗಳಿಗೆ ನೊರೆಯೂ ಬಂತು. ಬ್ರಿಟನ್ನಿನಲ್ಲಿ ಇಂತಹ ಮನೆಗಳು ಎರಡೂವರೆ ಲಕ್ಷದಷ್ಟು ಇವೆಯೆಂಬ ಅಂದಾಜಿದೆ. 2024ರ ಕೊನೆಯಲ್ಲಿ ಬಿಬಿಸಿ ವಿಚಾರಿಸಿದಾಗ, ಅಲ್ಲಿನ ದೊಡ್ಡ ಸಾಲದಾತ ಸಂಸ್ಥೆಗಳಲ್ಲಿ ಕಾಲು ಭಾಗದಷ್ಟು ಇವಕ್ಕೆ ಸಾಲವನ್ನೇ ಕೊಡುವುದಿಲ್ಲವೆಂದು ತಿಳಿದುಬಂತು. ಉಳಿದವರು ಮನೆಮನೆಯನ್ನೂ ಪರಿಶೀಲಿಸಿ ತೀರ್ಮಾನಿಸುತ್ತಾರೆ. ಒಂದು ಸರ್ಕಾರ ಹಸಿರೆಂದು ಒಪ್ಪಿದ ಕೆಲಸವನ್ನು ಅದೇ ದೇಶದ ಬ್ಯಾಂಕು ಒಪ್ಪದಿದ್ದಾಗ, ನಡುವೆ ಸಿಕ್ಕಿಬಿದ್ದವರು ಮನೆಯವರು.

ನಮ್ಮ ಊರುಗಳ ಎಷ್ಟೋ ಮಕ್ಕಳು ಇಂದು ಅಲ್ಲಿದ್ದಾರೆ. ನಾಳೆ ಮನೆ ಕೊಳ್ಳುವವರಿದ್ದಾರೆ. ಅವರಿಗೆ ಪತ್ರ ಬರೆಯುವಾಗ ಈ ನಾಲ್ಕು ಮಾತು ಸೇರಿಸಿ. ಮೊದಲ ಭೇಟಿಯಲ್ಲೇ ಅಟ್ಟ ಹತ್ತಿ ನೋಡಲಿ. ನೊರೆ ಕಂಡರೆ ಯಾವ ಬಗೆಯದು, ಯಾವಾಗ ಹಾಕಿದ್ದು, ಯಾರು ಹಾಕಿದ್ದು ಎಂದು ಕೇಳಿ, ಪ್ರಮಾಣಪತ್ರ, ಖಾತರಿ ಪತ್ರ, ಹಾಕುವ ಮುನ್ನ ಅಳೆದ ತೇವಾಂಶದ ದಾಖಲೆ ಇವೆಯೇ ಎಂದು ನೋಡಲಿ. ಪರೀಕ್ಷೆಗೆ ಹಣ ಕಟ್ಟುವ ಮುನ್ನವೇ ಸಾಲ ಕೊಡುವ ಸಂಸ್ಥೆಯ ನಿಲುವನ್ನು ಲಿಖಿತವಾಗಿ ಪಡೆಯಲಿ. ಮರದ ಸ್ಥಿತಿಯನ್ನು ಹೇಳಬೇಕಾದವರು ಸ್ವತಂತ್ರ ಪರೀಕ್ಷಕರು. ನೊರೆ ಹಾಕುವವರೂ ಅಲ್ಲ, ತೆಗೆಯುವವರೂ ಅಲ್ಲ. ಏಕೆಂದರೆ ಹಾಕಿಸಿದವರ ಬಾಗಿಲಿಗೇ ಮತ್ತೆ ಬಂದು, ತೆಗೆಸದಿದ್ದರೆ ಕೆಟ್ಟಿರಿ ಎಂದು ಹೆದರಿಸುವ ವ್ಯಾಪಾರವೂ ಅಲ್ಲಿ ಬೆಳೆದಿದೆ.

ಬಂಧುಗಳೇ, ಇದು ಸಮುದ್ರದಾಚೆಯ ಕಥೆಯೆಂದು ಸುಮ್ಮನಿರಬೇಡಿ. ನಮ್ಮ ನಗರಗಳ ತಾರಸಿಗಳ ಮೇಲೂ ಇದೇ ಪಾಲಿಯುರೆಥೇನ್ ನೊರೆಯನ್ನು ಸಿಂಪಡಿಸುತ್ತಿದ್ದಾರೆ. ಘಟ್ಟದ ಹೆಂಚಿನ ಮಾಡಿಗೂ ಒಂದು ದಿನ ಅದನ್ನು ಹೊತ್ತು ತರುವವರು ಬಂದಾರು. ಪರಿಸರದ ಹೆಸರಿನಲ್ಲಿ ಯಾವುದೇ ವಸ್ತು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಇದನ್ನು ಹಾಕಿದ ಮೇಲೆ ಒಳಗಿನ ಮರ ನನಗೆ ಕಾಣುತ್ತದೆಯೇ? ತಪ್ಪಾಯಿತೆಂದು ತಿಳಿದ ದಿನ ಇದನ್ನು ಹಿಂದೆಗೆಯಬಹುದೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ, ಸಹಾಯಧನ ಎಷ್ಟೇ ಇರಲಿ, ಏಣಿ ತೆಗೆದಿಡುವುದು ಲೇಸು.

ನಮ್ಮ ಹುಡುಗಿ ಆ ಅಜ್ಜಿಗೆ ವಿಷಯ ತಿಳಿಸಲು ತಾನೇ ಹೋಗಿದ್ದಳು. ಅಜ್ಜಿ ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಮಾಡಿಸಿದ್ದು ತಪ್ಪಾಯಿತೇ?” ಎಂದು ಕೇಳಿದರಂತೆ. ಚಳಿಗೆ ಹೆದರಿ, ಒಳ್ಳೆಯದೆಂದು ಹೇಳಿದವರನ್ನು ನಂಬಿದ ಆ ಹಿರಿಯ ಜೀವಕ್ಕೆ ಏನು ಹೇಳುವುದೆಂದು ಅವಳಿಗೆ ತೋಚಲಿಲ್ಲ. ಆ ಪ್ರಶ್ನೆಯನ್ನು ನಾನು ಇಲ್ಲಿಯವರೆಗೆ ಹೊತ್ತು ತಂದಿದ್ದೇನೆ. ಉತ್ತರಿಸಬೇಕಾದವರು ಆಕೆಯಲ್ಲ, ನೋಡದೆ ಮಾರಿದವರು, ನೋಡದೆ ಮಂಜೂರು ಮಾಡಿದವರು. ನಮ್ಮ ಊರಿನ ಯಾವ ಅಜ್ಜಿಯೂ ಆ ಪ್ರಶ್ನೆ ಕೇಳುವಂತಾಗದಿರಲಿ.