ಎಳೆಯ ಲೆಕ್ಕ
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಇವರ ಹೆಸರಿನ ಮೊದಲ ಅಕ್ಷರವೇ ನಮ್ಮ ತಳಕು. ಅಂಥವರ ಊರಿನಲ್ಲಿ ಮೈಕಿನ ಮುಂದೆ ನಿಲ್ಲಲು ಅಳುಕಾಗುತ್ತದೆ. ನಾನು ಸಾಹಿತಿಯಲ್ಲ, ಪ್ಲಾಸ್ಟಿಕ್ ಚೂರುಗಳನ್ನು ಎಣಿಸುವವಳು. ಪಿಎಚ್.ಡಿ. ಮುಗಿದು ಎರಡು ವರ್ಷವಾಯಿತು, ಕಾಯಂ ಕೆಲಸ ಇನ್ನೂ ಸಿಕ್ಕಿಲ್ಲ. "ಮಕ್ಕಳಿಗೆ ನಿಮ್ಮ ಸಾಧನೆ ಹೇಳಿ" ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾನು ಮಾಡಿದ ಒಂದು ತಪ್ಪನ್ನು ಹೇಳಿದರೆ ಹೆಚ್ಚು ಉಪಯೋಗವಾದೀತು ಎಂದುಕೊಂಡು ಬಂದಿದ್ದೇನೆ.

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. 2004ರಲ್ಲಿ ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಬರೆದ ಲೇಖನದಿಂದ ಈ ಪದ ಎಲ್ಲೆಡೆ ಹರಡಿತು. ಹಾಗಾಗಿ ಈ ವಿದ್ಯೆಗೆ ನಿಮ್ಮ ಅಕ್ಕ ಅಣ್ಣಂದಿರಷ್ಟೇ ವಯಸ್ಸು. ಹೇಗೆ ಎಣಿಸಬೇಕು ಎಂಬುದರಲ್ಲೇ ಇನ್ನೂ ಒಮ್ಮತವಿಲ್ಲ. ಒಬ್ಬರು ದೊಡ್ಡ ಕಣ್ಣಿನ ಜರಡಿ ಹಿಡಿಯುತ್ತಾರೆ, ಇನ್ನೊಬ್ಬರು ಸಣ್ಣ ಕಣ್ಣಿನದು. ಒಬ್ಬರ ಲೆಕ್ಕ ಲೀಟರಿಗೆ, ಇನ್ನೊಬ್ಬರದು ಕಿಲೋಗೆ. ಸೇರಿನಲ್ಲಿ ಅಳೆದದ್ದನ್ನು ಮಾರಿನಲ್ಲಿ ಅಳೆದದ್ದರ ಜೊತೆ ಹೋಲಿಸಿದಂತೆ!

ನನ್ನ ಪಾಲಿಗೆ ಬಂದದ್ದು ಕೆರೆಯ ಹೂಳು. ಹೂಳನ್ನು ಒಣಗಿಸಿ, ಗಟ್ಟಿ ಉಪ್ಪುನೀರಿನಲ್ಲಿ ಕಲಕಿ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ, ಹಗುರ ಪ್ಲಾಸ್ಟಿಕ್ ತೇಲುತ್ತದೆ. ತೇಲಿದ್ದನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆರು ತಿಂಗಳು ಎಣಿಸಿದೆ. ಎಲ್ಲಿ ನೋಡಿದರೂ ನೀಲಿ ಎಳೆಗಳು. ದೊಡ್ಡ ಸಂಖ್ಯೆ ಬಂತೆಂದು ಹಿಗ್ಗಿದೆ. ಲೇಖನದ ಕರಡನ್ನೂ ಬರೆದೆ.

ಒಂದು ಅನುಮಾನ ಮಾತ್ರ ಬಿಡಲಿಲ್ಲ. ಎಳೆ ಪಾಲಿಯೆಸ್ಟರಿನದು. ಪಾಲಿಯೆಸ್ಟರ್ ನೀರಿಗಿಂತ ಸುಮಾರು 1.4 ಪಟ್ಟು ಭಾರ; ಉಪ್ಪುನೀರು ಎಷ್ಟು ಗಟ್ಟಿಯಾದರೂ 1.2 ಪಟ್ಟು. ಮುಳುಗಬೇಕಾದದ್ದು ಇಷ್ಟೊಂದು ತೇಲಿದ್ದು ಹೇಗೆ? ಹೂಳೇ ಹಾಕದೆ ಬರೀ ಶುದ್ಧ ನೀರನ್ನು ಸೋಸಿ ನೋಡಿದೆ. ಅದರಲ್ಲೂ ನೀಲಿ ಎಳೆ. ತಲೆ ಬಗ್ಗಿಸಿದರೆ ನನ್ನ ಹೆಗಲ ಮೇಲೆ ನೀಲಿ ದುಪಟ್ಟಾ! ನಾನು ಆರು ತಿಂಗಳು ಎಣಿಸಿದ್ದರಲ್ಲಿ ಕೆರೆಯದೆಷ್ಟು, ನನ್ನ ಬಟ್ಟೆಯದೆಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಶಿಷ್ಯವೇತನ ಐದು ವರ್ಷಕ್ಕೆ ಮಾತ್ರ. 2023ರಲ್ಲಿ ಕಿರಿಯ ಸಂಶೋಧಕರ ವೇತನ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿತು, ಆದರೆ ಅವಧಿ ಏರಲಿಲ್ಲ. ಮೌನವಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಮಾರ್ಗದರ್ಶಕರ ಬಳಿ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. "ಮತ್ತೆ ಶುರು ಮಾಡಮ್ಮ, ಈ ಸಲ ಹತ್ತಿ ಬಟ್ಟೆ ಹಾಕ್ಕೊಂಡು ಬಾ" ಅಂದರು.

ಮತ್ತೆ ಶುರು ಮಾಡುವುದೂ ಸುಲಭವಿರಲಿಲ್ಲ. ಚೂರು ಯಾವ ಪ್ಲಾಸ್ಟಿಕ್ಕಿನದು ಎಂದು ಖಚಿತಪಡಿಸಲು ರಾಮನ್ ಯಂತ್ರ ಬೇಕು. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೇ ಅದರ ಜೀವಾಳ. ಒಂದೊಂದೇ ಚೂರಿಗೆ ಬೆಳಕು ಹಾಯಿಸಿ ನೋಡಬೇಕು. ನಮ್ಮ ವಿಭಾಗದಲ್ಲಿ ಅದಿರಲಿಲ್ಲ. ಬೇರೆ ಕಡೆ ಸರದಿಗಾಗಿ ವಾರಗಟ್ಟಲೆ ಕಾದು, ಸಿಕ್ಕ ಅರ್ಧ ದಿನದಲ್ಲಿ ಊಟ ಬಿಟ್ಟು ಕೂತಿದ್ದೇನೆ. ಎರಡನೆಯ ಲೆಕ್ಕದಲ್ಲಿ ಸಂಖ್ಯೆ ಬಹಳ ಇಳಿಯಿತು. ಸಣ್ಣ ಸಂಖ್ಯೆಗೆ ಸುದ್ದಿಯ ಬೆಲೆ ಇಲ್ಲ. ಲೇಖನ ಅಚ್ಚಾಗಲು ತಡವಾಯಿತು.

ದೊಡ್ಡ ಸಂಖ್ಯೆಗೆ ಎಂಥ ಸೆಳೆತ ನೋಡಿ. ನಾವು ವಾರಕ್ಕೆ 5 ಗ್ರಾಂ, ಅಂದರೆ ಒಂದು ಎ.ಟಿ.ಎಂ. ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತಿರಬಹುದು ಎಂದು 2019ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಬಳಿಕ ಬೇರೆಯವರು ಆ ಲೆಕ್ಕ ಅತಿಯಾಯಿತೆಂದು ತೋರಿಸಿದರು. ಮೊದಲ ಸುದ್ದಿ ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ತಿದ್ದುಪಡಿ ಎಲ್ಲೂ ಕಾಣುವುದಿಲ್ಲ.

ಹೋದ ಸಲ ಊರಿಗೆ ಬಂದಾಗ ದೊಡ್ಡಪ್ಪ ಹೊಲದ ಬದುವಿನಲ್ಲಿ ಕೂರಿಸಿಕೊಂಡು ಕೇಳಿದರು: "ಏನವ್ವಾ, ನೀನು ಪ್ಲಾಸ್ಟಿಕ್ ಓದ್ತೀಯಂತೆ. ಟೊಮೆಟೊಕ್ಕೆ ಹೊದಿಸಿದ್ದ ಹಾಳೆ ಹರಿದು ಮಣ್ಣಾಗೇ ಉಳಕಂಡೈತೆ. ಶೇಂಗಾದೊಳಕ್ಕೆ ಸೇರ್ಕಂತತೇನು?" ನನ್ನ ಬಳಿ ಉತ್ತರವಿರಲಿಲ್ಲ. ಕುಡಿಯುವ ನೀರಿನ ವಿಷಯದಲ್ಲೇ, ಇರುವ ಮಾಹಿತಿ ಸಾಲದು, ಇನ್ನಷ್ಟು ಸಂಶೋಧನೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ಶೇಂಗಾ ಹೊಲವನ್ನು ಕೇಳುವವರಾರು? "ಗೊತ್ತಿಲ್ಲ ದೊಡ್ಡಪ್ಪ, ಆದರೆ ಹಾಳೆ ಪುಡಿಯಾಗೋ ಮೊದಲೇ ಆರಿಸಿ ತೆಗೆಸಿ" ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಕಾಯಂ ಕೆಲಸವಿಲ್ಲದಿದ್ದರೂ ನಾನು ಈ ವಿಷಯ ಬಿಡದಿರುವುದಕ್ಕೆ ಆ ಪ್ರಶ್ನೆಯೇ ಕಾರಣ.

ಮಕ್ಕಳೇ, ಇದಕ್ಕೆ ನಿಮ್ಮಂಥವರೇ ಬೇಕು. ಚಳ್ಳಕೆರೆ ಕಂಬಳಿಯ ನಾಡು, ಮೊಳಕಾಲ್ಮುರು ರೇಷ್ಮೆಯ ನಾಡು. ಎಳೆಯ ಗುಣ ನಮಗೆ ಹೊಸದಲ್ಲ. ಸೂಕ್ಷ್ಮದರ್ಶಕದಲ್ಲಿ ಉಣ್ಣೆಯ ಮೈಮೇಲೆ ಮೀನಿನಂತೆ ಹುರುಪೆ ಕಾಣುತ್ತದೆ, ಹತ್ತಿ ತಿರುಚಿದ ಪಟ್ಟಿಯಂತೆ, ಪಾಲಿಯೆಸ್ಟರ್ ಗಾಜಿನ ಕಡ್ಡಿಯಂತೆ ನುಣುಪು. ನಮ್ಮ ತಾಲ್ಲೂಕಿನ ಕುದಾಪುರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯೇ ಬಂದಿದೆ. ದಾರಿ ಈಗ ನಮ್ಮ ಕಾಲದಷ್ಟು ದೂರವಿಲ್ಲ.

ನನ್ನ ತಂಡದ ಗೆಳೆಯರು ಸೇರಿ ಶಾಲೆಗೆ ಒಂದು ಸೂಕ್ಷ್ಮದರ್ಶಕ ಕೊಡುತ್ತಿದ್ದೇವೆ. ಅದರ ಜೊತೆ ಮೂರು ಗಾಜಿನ ಪಟ್ಟಿಗಳಿವೆ: ನಮ್ಮ ತಾತನ ಕಂಬಳಿಯದೊಂದು ಎಳೆ, ಹತ್ತಿಯದೊಂದು, ಆ ನೀಲಿ ದುಪಟ್ಟಾದೊಂದು. ಆರು ತಿಂಗಳ ತಪ್ಪು ಲೆಕ್ಕದ ನೋಟ್‌ಬುಕ್ಕೂ ಇದೆ. ಅದನ್ನೂ ಪ್ರಯೋಗಾಲಯದಲ್ಲೇ ಇಡಿ ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಏನನ್ನೇ ಅಳೆಯುವ ಮೊದಲು ಅದನ್ನೊಮ್ಮೆ ತೆರೆದು ನೋಡಿ.